ನಾಲ್ಕು ಗಂಟೆಯ ಅಲಾರಾಂ

ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಗಳಲ್ಲಿ ಸಂಕ್ರಾಂತಿ ಕಳೆಯಿತೆಂದರೆ ನಸುಕಿನ ನಾಲ್ಕಕ್ಕೇ ಅಲಾರಾಂ. ಕೆಲವು ಕಡೆ ಮೇಷ್ಟ್ರೇ ಫೋನ್ ಮಾಡಿ ಎಬ್ಬಿಸುವುದೂ ಉಂಟು. ಎದ್ದ ಹುಡುಗ ಪುಸ್ತಕದ ಮೇಲೆ ತೂಕಡಿಸುತ್ತಾನೆ, ಅಮ್ಮ ಕಾಫಿ ತಂದಿಡುತ್ತಾರೆ, ಅಪ್ಪ ‘ನಾವೆಲ್ಲ ಬ್ರಾಹ್ಮೀ ಮುಹೂರ್ತದಲ್ಲೇ ಓದಿದವರು’ ಎನ್ನುತ್ತಾರೆ. ನಿಜವಿರಬಹುದು. ಆ ಕಾಲದಲ್ಲಿ ಅವರು ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿದ್ದರು ಅಂತ ಅಜ್ಜಿಯನ್ನು ಕೇಳಿ ನೋಡಿ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಮಲಗುವ ಹೊತ್ತಾಯಿತೆಂದು ಮೈಗೆ ಗೊತ್ತಾಗುವುದು ಅದರಿಂದ. ಮೈನೆರೆಯುವ ವಯಸ್ಸಿನಲ್ಲಿ ಈ ಸ್ರಾವವೇ ತಡವಾಗುತ್ತದೆ, ಒಂದೆರಡು ಗಂಟೆಯಷ್ಟು. ಎಂಟು ವರ್ಷದವನಿದ್ದಾಗ ಒಂಬತ್ತಕ್ಕೇ ಕಣ್ಣು ಮುಚ್ಚುತ್ತಿದ್ದ ಮಗ, ಹದಿನೈದರಲ್ಲಿ ಹನ್ನೊಂದಾದರೂ ಹೊರಳಾಡುತ್ತಿದ್ದರೆ ಅದೆಲ್ಲ ಮೊಂಡುತನವಲ್ಲ. ಮೊಬೈಲಿನ ಪಾಲೂ ಇದೆಯೆನ್ನಿ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ತಜ್ಞರು. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದವನಿಗೆ ಸಿಕ್ಕಿದ್ದು 5. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಅದನ್ನೇ ಕತ್ತರಿಸಿ ಓದಿಸುವುದು ನನಗಂತೂ ನಷ್ಟದ ವ್ಯಾಪಾರವಾಗಿ ಕಾಣುತ್ತದೆ.

ಹೈಸ್ಕೂಲುಗಳು ಬೆಳಿಗ್ಗೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ 2014ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಅದು ಬಹುತೇಕ ಕಡೆ ಕಾನೂನೇ ಆಗಿದೆ. ನಮ್ಮಲ್ಲಿ ಏಳಕ್ಕೇ ಸ್ಕೂಲ್ ವ್ಯಾನ್ ಬಾಗಿಲಿಗೆ ಬರುವ ಊರುಗಳಿವೆ. ಅದು ನಮ್ಮ ಕೈಯಲ್ಲಿಲ್ಲ; ರಾತ್ರಿ ಮಾತ್ರ ನಮ್ಮ ಕೈಯಲ್ಲಿದೆ.

ಸಂಜೆಯ ಮೇಲೆ ಕಾಫಿ, ಟೀ ಬೇಡ. ಕುಡಿದು ನಾಲ್ಕೈದು ಗಂಟೆ ಕಳೆದರೂ ಕೆಫೀನಿನ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆ. ಹತ್ತಕ್ಕೆ ಮೊಬೈಲುಗಳೆಲ್ಲ ಅಡುಗೆಮನೆಯಲ್ಲಿ ಚಾರ್ಜಿಗೆ ಹೋಗಲಿ, ಅಪ್ಪನದೂ ಸೇರಿ. ಇಲ್ಲದಿದ್ದರೆ ಈ ನಿಯಮ ಎರಡು ದಿನವೂ ಬಾಳುವುದಿಲ್ಲ. ಬೆಳಿಗ್ಗೆ ಎದ್ದೊಡನೆ ಸ್ವಲ್ಪ ಹೊತ್ತು ಬಿಸಿಲಿಗೆ ಬಂದರೆ ರಾತ್ರಿಯ ನಿದ್ದೆಯೂ ತುಸು ಮುಂಚೆ ಬರುತ್ತದೆ. ಭಾನುವಾರ ಒಂದು ಗಂಟೆ ಹೆಚ್ಚು ಮಲಗಲಿ. ಮಧ್ಯಾಹ್ನದವರೆಗೆ ಮಲಗಿದರೆ ಸೋಮವಾರ ಏಳುವುದು ಇನ್ನೂ ಕಷ್ಟ. ನಸುಕಿನಲ್ಲೇ ತಲೆಗೆ ಹತ್ತುತ್ತದೆ ಎನ್ನುವ ಮಕ್ಕಳೂ ಇದ್ದಾರೆ. ಅವರನ್ನು ಒಂಬತ್ತರೊಳಗೆ ಮಲಗಲು ಬಿಡಿ, ನೆಂಟರು ಬಂದಿದ್ದರೂ ಸರಿಯೇ.

ಒಂಬತ್ತು ಗಂಟೆ ಮಲಗಿದ ಮೇಲೂ ತರಗತಿಯಲ್ಲಿ ತೂಕಡಿಸುತ್ತಿದ್ದರೆ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಬೈಯುವ ಬದಲು ವೈದ್ಯರಿಗೆ ತೋರಿಸಿ. ಊದಿಕೊಂಡ ಟಾನ್ಸಿಲ್ ಇರಬಹುದು, ರಕ್ತಹೀನತೆಯೂ ಇರಬಹುದು.