ಕಡತ ಮತ್ತು ತರಗತಿಯ ನಡುವೆ ಮುಖ್ಯೋಪಾಧ್ಯಾಯರು



ಕೇರಳದ ಸಣ್ಣ ಪ್ರಾಥಮಿಕ ಶಾಲೆಯೊಂದರ ಮುಂಜಾನೆಯನ್ನು ನೆನೆಯಿರಿ. ಗಂಟೆ ಬಾರಿಸಿದೆ, ನಾಲ್ಕನೆಯ ತರಗತಿಯ ಮಕ್ಕಳು ಪುಸ್ತಕ ತೆರೆದು ಕಾದಿದ್ದಾರೆ. ಅವರಿಗೆ ಪಾಠ ಹೇಳಬೇಕಾದ ಮುಖ್ಯೋಪಾಧ್ಯಾಯರು ಕಚೇರಿಯಲ್ಲಿ ಅಕ್ಕಿಯ ದಾಸ್ತಾನು ಬರೆಯುತ್ತಿದ್ದಾರೆ. ಅವರು ಸೋಮಾರಿಗಳಲ್ಲ, ಒಬ್ಬರೇ ಇಬ್ಬರ ಕೆಲಸ ಹೊತ್ತವರು.

ಶಾಲೆಯ ಮುಖ್ಯಸ್ಥರ ಮೊದಲ ಧರ್ಮ ಕಲಿಕೆಯನ್ನು ಮುನ್ನಡೆಸುವುದು. ಶಾಲೆಯ ಗುರಿಯನ್ನು ಸ್ಪಷ್ಟಪಡಿಸುವುದು, ಬೋಧನೆಯನ್ನು ಕಣ್ಣಾರೆ ಕಂಡು ತಿದ್ದುವುದು, ಕಲಿಕೆಗೆ ತಕ್ಕ ವಾತಾವರಣ ನಿರ್ಮಿಸುವುದು: ಹಾಲಿಂಜರ್ ಮತ್ತು ಮರ್ಫಿ ಎಂಬ ವಿದ್ವಾಂಸರು 1985ರಲ್ಲಿ ಬೋಧನಾ ನಾಯಕತ್ವವನ್ನು ಹೀಗೆ ಮೂರಾಗಿ ವಿಂಗಡಿಸಿದರು. ಇವುಗಳಲ್ಲಿ ಯಾವುದೂ ಕುರ್ಚಿಯಲ್ಲಿ ಕುಳಿತು ನಡೆಯುವ ಕೆಲಸವಲ್ಲ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ, ಒಂದರಿಂದ ಐದನೆಯ ತರಗತಿಯವರೆಗೆ ಮಕ್ಕಳ ಸಂಖ್ಯೆ 150 ಮೀರಿದರೆ ಮಾತ್ರ ಶಿಕ್ಷಕರ ಜೊತೆಗೆ ಪ್ರತ್ಯೇಕ ಮುಖ್ಯೋಪಾಧ್ಯಾಯರು. ಅದಕ್ಕಿಂತ ಚಿಕ್ಕ ಶಾಲೆಯಲ್ಲಿ ಮುಖ್ಯಸ್ಥರೇ ತರಗತಿಯನ್ನೂ ವಹಿಸಬೇಕಾಗುತ್ತದೆ. ಅದೇ ಕಾಯಿದೆಯ 27ನೆಯ ವಿಧಿ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ವಿಧಿಸುತ್ತದೆ. ಹೊರಗಿನ ಹೊರೆಗೆ ಕಾನೂನು ಬೇಲಿ ಹಾಕಿತು. ಶಾಲೆಯೊಳಗಿನ ಲೆಕ್ಕಪತ್ರಗಳ ಹೊರೆಗೆ ಬೇಲಿಯಿಲ್ಲ.

ಮಧ್ಯಾಹ್ನದ ಊಟವನ್ನೇ ನೋಡಿ. ಮಕ್ಕಳಿಗೆ ಊಟ ಕೊಡುವುದು ಪುಣ್ಯಕಾರ್ಯವೇ ಸರಿ. ಆದರೆ ಸರಕಾರದ ಹಣ ತಡವಾದಾಗ ಕೈಯಿಂದ ತೆತ್ತು ತರಕಾರಿ, ಹಾಲು ಕೊಳ್ಳುವವರು ಮುಖ್ಯೋಪಾಧ್ಯಾಯರೇ. 2023ರಲ್ಲಿ ಅವರ ದೂರು ಕೊಚ್ಚಿಯಲ್ಲಿರುವ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿತು. ಅಂಗಡಿಯ ಬಾಕಿಯನ್ನು ಚಿಂತಿಸುವ ಮನಸ್ಸು ಮಗುವಿನ ಓದಿನ ತೊಡಕನ್ನು ಹೇಗೆ ಗುರುತಿಸೀತು?

ತಂತ್ರಜ್ಞಾನ ಈ ಭಾರವನ್ನು ಇಳಿಸಬಹುದಿತ್ತು. ತಿರುವನಂತಪುರದಲ್ಲಿ ಕೇಂದ್ರ ಕಚೇರಿಯುಳ್ಳ, ಎಡಪ್ಪಳ್ಳಿಯಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿರುವ ಕೈಟ್ ಸಂಸ್ಥೆಯ ‘ಸಂಪೂರ್ಣ’ ತಂತ್ರಾಂಶದಲ್ಲಿ ವಿದ್ಯಾರ್ಥಿಗಳ ವಿವರವೆಲ್ಲ ಸಿಗುತ್ತದೆ. ಆದರೆ ಗಣಕದಲ್ಲಿ ತುಂಬಿದ್ದನ್ನೇ ಮತ್ತೆ ಹಾಳೆಯಲ್ಲಿ ಕೇಳಿದರೆ ಕೆಲಸ ಇಮ್ಮಡಿಯಾಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಇನ್ನೊಂದು ಪದರವೂ ಸೇರುತ್ತದೆ: ಮಲಯಾಳದಲ್ಲಿ ಬಂದ ಸುತ್ತೋಲೆಯನ್ನು ಕನ್ನಡಿಗ ಪೋಷಕರಿಗೆ ವಿವರಿಸುವ ಹೊಣೆಯೂ ಅವರದೇ.

ಹಾಗಾದರೆ ಪರಿಹಾರವೇನು? ‘ಸಮಯ ಹೊಂದಿಸಿಕೊಳ್ಳಿ’ ಎಂಬ ಉಪದೇಶ ಸಾಲದು. ಸಮತೋಲನವನ್ನು ವ್ಯಕ್ತಿಯ ಸಹನೆಗೆ ಬಿಡದೆ ವ್ಯವಸ್ಥೆಯೇ ಒದಗಿಸಬೇಕು. ಗುಮಾಸ್ತರಿಲ್ಲದ ಪ್ರಾಥಮಿಕ ಶಾಲೆಗಳಿಗೆ, ನಾಲ್ಕೈದು ಶಾಲೆಗಳಿಗೆ ಒಬ್ಬರಂತೆಯಾದರೂ ಗುಮಾಸ್ತರನ್ನು ಕೊಡಲಿ. ದಿನದ ಮೊದಲ ಎರಡು ಅವಧಿಗಳಲ್ಲಿ ಮುಖ್ಯಸ್ಥರನ್ನು ಯಾವ ಸಭೆಗೂ ದೂರವಾಣಿಗೂ ಕರೆಯದಿರಲಿ. ಶಾಲಾ ಸಂಪನ್ಮೂಲ ಗುಂಪಿನ ಸಭೆಯಲ್ಲಿ ಸುತ್ತೋಲೆ ಓದುವುದರ ಬದಲು ಒಂದು ಪಾಠವನ್ನು ಕುರಿತು ಚರ್ಚೆ ನಡೆಯಲಿ.

ಸಮಾಜದ ಹೆಸರಿನಲ್ಲಿ ಶಾಲೆ ನಡೆಸುವ ಆಡಳಿತ ಮಂಡಳಿಗಳೂ ಇದನ್ನು ಮನಗಾಣಬೇಕು. ದಾನಿಗಳ ಸ್ವಾಗತಕ್ಕೂ ವೇದಿಕೆಯ ಸಿದ್ಧತೆಗೂ ಮುಖ್ಯೋಪಾಧ್ಯಾಯರನ್ನೇ ಕರೆಯುವುದು ವಿದ್ಯಾದಾನವಲ್ಲ, ವಿದ್ಯೆಗೆ ಮಾಡುವ ಅಡ್ಡಿ. ಶಾಲೆಯ ತಪಾಸಣೆಗೆ ಹೋದವರು ಮೊದಲು ಕಡತ ಕೇಳದಿರಲಿ. ‘ಈ ವಾರ ತಾವು ಯಾವ ತರಗತಿಯಲ್ಲಿ ಕುಳಿತಿರಿ?’ ಎಂದು ಕೇಳಲಿ. ಆ ಪ್ರಶ್ನೆಗೆ ಉತ್ತರಿಸಲು ಬೇಕಾದ ಬಿಡುವನ್ನೂ ಅವರೇ ಒದಗಿಸಲಿ.