ಪರಿಹಾರದ ದಾವೆ ಮನೆಯಂಗಳದಲ್ಲೇ ಶುರುವಾಗುತ್ತದೆ



ಕಬ್ಬಿನ ಹಂಗಾಮು ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ, ಈ ನಾಲ್ಕೂ ತಾಲ್ಲೂಕುಗಳ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿನ ಬೆನ್ನಿಗೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಎಷ್ಟೋ ಟ್ರೇಲರ್‌ಗಳ ಹಿಂದೆ ಕೆಂಪು ದೀಪವೂ ಇಲ್ಲ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ತಾಲ್ಲೂಕಿನ ಆಲಗೂರ ಬಳಿ ಶಾಲೆಯ ವಾರ್ಷಿಕ ಸಮಾರಂಭ ಮುಗಿಸಿ ರಾತ್ರಿ ಊರಿಗೆ ಹೊರಟಿದ್ದ ಮಕ್ಕಳ ಬಸ್ಸು ಟ್ರ್ಯಾಕ್ಟರಿಗೆ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಹೋದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬೀಳಗಿ ತಾಲ್ಲೂಕಿನ ಹೊನ್ನರಹಳ್ಳಿ ಹತ್ತಿರ ಟಿಪ್ಪರ್ ಮಗುಚಿಬಿದ್ದು ಒಂದೇ ಮನೆಯ ಐವರನ್ನು ಬಲಿ ತೆಗೆದುಕೊಂಡಿತು. ರಸ್ತೆ ಒಂದೇ ಅಲ್ಲ. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲ್ಲೂಕಿನ ಕುಳಲಿ ಬಳಿ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಸ್ಫೋಟವಾಗಿ ಕೂಲಿಗೆ ಹೋದವರು ಮನೆಗೆ ಮರಳಲಿಲ್ಲ.

ಪತ್ರಿಕೆಗಳಲ್ಲಿ ಇಂಥ ಸುದ್ದಿ ಎರಡು ದಿನ ಇರುತ್ತದೆ. ಮೂರನೆಯ ದಿನದಿಂದ ಆ ಮನೆಗಳಲ್ಲಿ ಏನಾಗುತ್ತದೆ ಎಂಬುದೇ ಈ ಸಂಕಿರಣದ ವಿಷಯ.

‘ಹೋದ ಜೀವಕ್ಕ ರೊಕ್ಕ ತಗೊಂಡು ಏನ್ ಮಾಡೂದೈತ್ರೀ’ ಎಂಬುದು ಇಂಥ ಮನೆಗಳಲ್ಲಿ ಮೊದಲು ಕೇಳುವ ಮಾತು. ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲಕ್ಕೆ ಕಾನೂನೂ ಬೇರೆಯದೇ ದಾರಿಯಿಂದ ಅಲ್ಲಿಗೇ ಬಂದು ನಿಂತಿತ್ತು. 1808ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ, ಮನುಷ್ಯನ ಸಾವನ್ನು ಸಿವಿಲ್ ನ್ಯಾಯಾಲಯದಲ್ಲಿ ಹಾನಿಯೆಂದು ದೂರಲು ಬರುವುದಿಲ್ಲ ಎಂದಿದ್ದರು. ಕೈಕಾಲು ಮುರಿದವನಿಗೆ ಪರಿಹಾರವಿತ್ತು, ಸತ್ತವನ ಹೆಂಡತಿಗೆ ಇರಲಿಲ್ಲ. ರೈಲುಗಳು ಬಂದು ಸಾವುಗಳು ಹೆಚ್ಚಿದ ಮೇಲೆ 1846ರಲ್ಲಿ ಅಲ್ಲಿ ಕಾಯ್ದೆ ಬಂತು, 1855ರಲ್ಲಿ ಭಾರತಕ್ಕೂ ಮಾರಣಾಂತಿಕ ಅಪಘಾತಗಳ ಕಾಯ್ದೆ ಬಂತು. ಅದು ಇಂದಿಗೂ ಜಾರಿಯಲ್ಲಿದೆ. ಪರಿಹಾರ ಜೀವದ ಬೆಲೆಯಲ್ಲ. ಆ ಜೀವ ನಂಬಿದವರಿಗಾಗಿ ದುಡಿದು ತರುತ್ತಿದ್ದುದರಲ್ಲಿ ಎಷ್ಟು ನಿಂತುಹೋಯಿತು ಎಂಬ ಲೆಕ್ಕ. ಇದನ್ನು ಆ ಮನೆಯವರಿಗೆ ಅವರ ಮಾತಿನಲ್ಲೇ ಮೊದಲು ಹೇಳಬೇಕಾದವರು ವಕೀಲರು.

ಆ ಲೆಕ್ಕ ಹೇಗೆ ಓಡುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಬನಹಟ್ಟಿಯ ಪವರ್‌ಲೂಮ್ ನೇಕಾರ, ವಯಸ್ಸು 34, ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ಗಳಿಕೆ 15,000 ರೂಪಾಯಿ ಎಂದು ಸಾಬೀತಾಯಿತು ಎನ್ನೋಣ. ಪ್ರಣಯ್ ಸೇಥಿ ಪ್ರಕರಣದಲ್ಲಿ 2017ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದಂತೆ, ಸ್ವಂತ ದುಡಿಮೆಯವರು ಅಥವಾ ನಿಗದಿತ ಸಂಬಳದವರು 40ರ ಒಳಗಿದ್ದರೆ ಭವಿಷ್ಯದ ಗಳಿಕೆಗೆಂದು ಶೇ 40 ಸೇರುತ್ತದೆ. ಅಲ್ಲಿಗೆ 21,000, ವರ್ಷಕ್ಕೆ 2,52,000. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ ಉಳಿಯುವುದು 1,89,000. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ 31ರಿಂದ 35ರ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ, ಸಾಂಗತ್ಯದ ನಷ್ಟ ಮುಂತಾದವು ಇದರ ಮೇಲೆ.

ಈಗ ಗಳಿಕೆಗೆ ಕಾಗದವಿಲ್ಲ ಎಂದುಕೊಳ್ಳಿ. ವಿಮಾ ಕಂಪನಿ ತಿಂಗಳಿಗೆ 8,000 ಎಂದು ವಾದಿಸಿ ಗೆದ್ದರೆ ಅದೇ ಸೂತ್ರದಲ್ಲಿ ಕೈಗೆ ಬರುವುದು 16,12,800. ಕಾನೂನು ಅದೇ, ವಯಸ್ಸು ಅದೇ, ಮಕ್ಕಳು ಅವರೇ. ಹದಿನಾಲ್ಕು ಲಕ್ಷದ ಅಂತರಕ್ಕೆ ಕಾರಣ ಮಾಲೀಕನ ಪಗಾರ ವಹಿಯ ಒಂದು ಪುಟ. ಉನ್ನತ ನ್ಯಾಯಾಲಯಗಳು ಸೂತ್ರವನ್ನು ಗಟ್ಟಿಮಾಡಿ ಕೊಟ್ಟಾಗಿದೆ. ಅದರೊಳಗೆ ಹಾಕುವ ಮೊದಲ ಅಂಕಿ ಮಾತ್ರ ಇಲ್ಲೇ, ಈ ಊರುಗಳಲ್ಲೇ ಸಿಗಬೇಕು.

ಗಳಿಕೆಗೆ ಪುರಾವೆ ಇಲ್ಲದಾಗ ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಂತೆ ವರ್ಷವಾರು ಅಂದಾಜು ವರಮಾನ ಹಿಡಿಯುವ ರೂಢಿ ಬೆಳೆದಿದೆ. ಏನೂ ಇಲ್ಲದವರಿಗೆ ಅದು ಆಸರೆಯೇ ಸರಿ. ಆದರೆ ಅದೇ ಅಭ್ಯಾಸವಾಗಿ, ನಿಜವಾದ ಗಳಿಕೆಯನ್ನು ಹುಡುಕುವ ಗೋಜಿಗೇ ಹೋಗದ ಸೋಮಾರಿತನವೂ ಬಂದಿದೆ. ಕಬ್ಬು ಕಡಿಯುವ ಗ್ಯಾಂಗಿನ ಕೂಲಿಗೆ ಸಂಬಳದ ಚೀಟಿ ಇರುವುದಿಲ್ಲ, ನಿಜ. ಕಾರ್ಖಾನೆಯ ತೂಕದ ಚೀಟಿ ಇರುತ್ತದೆ: ಯಾವ ದಿನ, ಯಾವ ವಾಹನ, ಎಷ್ಟು ಟನ್ ಎಂಬುದೆಲ್ಲ ಅದರಲ್ಲಿದೆ. ಗ್ಯಾಂಗಿಗೆ ಕೊಟ್ಟ ಮುಂಗಡದ ಬರಹ ಗುತ್ತಿಗೆದಾರನ ಬಳಿ ಇರುತ್ತದೆ. ಟನ್ನಿಗೆ ಇಷ್ಟು ಎಂಬ ದರವೂ ಊರಿಗೆಲ್ಲ ಗೊತ್ತು. ಈ ಮೂರನ್ನು ಜೋಡಿಸಿ ಸಾಕ್ಷ್ಯ ಕಟ್ಟುವುದು ಕಷ್ಟವಲ್ಲ, ಹಂಗಾಮು ಮುಗಿದು ಗ್ಯಾಂಗ್ ಚದುರುವ ಮೊದಲು ಕಟ್ಟಬೇಕು ಅಷ್ಟೇ.

ಗಂಡ-ಹೆಂಡತಿ ಜೋಡಿಯಾಗಿ ಕಬ್ಬು ಕಡಿಯುವಲ್ಲಿ ಇನ್ನೊಂದು ತೊಡಕಿದೆ. ಕೂಲಿ ಜೋಡಿಯ ಲೆಕ್ಕದಲ್ಲಿ, ಕೈಗೆ ಬರುವುದು ಗಂಡನ ಹೆಸರಿನಲ್ಲಿ. ಸತ್ತವಳು ಹೆಂಡತಿಯಾದರೆ ಅರ್ಜಿಯಲ್ಲಿ ಅವಳನ್ನು ‘ಮನೆಕೆಲಸ’ ಎಂದು ಬರೆದುಬಿಡುತ್ತಾರೆ. ಮಗ್ಗದ ಮನೆಯಲ್ಲೂ ಹೀಗೆಯೇ: ಕಂಡಿಕೆ ಸುತ್ತಿ, ನೂಲು ಸಜ್ಜುಮಾಡಿ ದಿನವಿಡೀ ದುಡಿದವಳ ದುಡಿಮೆ ನೇಕಾರನ ಗಳಿಕೆಯೊಳಗೆ ಕರಗಿಹೋಗಿರುತ್ತದೆ. ಬರೀ ಮನೆಕೆಲಸವೇ ಆದರೂ ಅದಕ್ಕೆ ಬೆಲೆಯಿದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ, ಜಮ್‌ಶೆಡ್‌ಪುರದ ಬೆಂಕಿ ಅನಾಹುತಕ್ಕೆ ಸಂಬಂಧಿಸಿದ ಲತಾ ವಾಧ್ವಾ ಪ್ರಕರಣದಲ್ಲಿ ಹೇಳಿತ್ತು; 2021ರ ಜನವರಿಯ ಕೀರ್ತಿ ಪ್ರಕರಣದಲ್ಲಿ ಇನ್ನಷ್ಟು ಬಿಡಿಸಿ ಹೇಳಿತು. ಎರಡೂ ದುಡಿಮೆ ಮಾಡಿದವಳಿಗೆ ಒಂದನ್ನೂ ಬರೆಯದ ಅರ್ಜಿ, ಅವಳಿಗೆ ಆದ ಎರಡನೆಯ ಅನ್ಯಾಯ.

ಮಗಳ ಹಕ್ಕೂ ಹೀಗೇ ಜಾರಿಹೋಗುತ್ತದೆ. ‘ಲಗ್ನಾಗಿ ಹ್ವಾದಾಕಿ’ ಎಂದು ಹೆಸರೇ ಸೇರಿಸದ ಅರ್ಜಿಗಳಿವೆ. ಹುಬ್ಬಳ್ಳಿಯ ಯಮನೂರು ಬಳಿ 2012ರಲ್ಲಿ ತಾಯಿಯನ್ನು ಕಳೆದುಕೊಂಡ ವಿವಾಹಿತ ಹೆಣ್ಣುಮಕ್ಕಳ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ: ಮದುವೆಯಾದ ಮಗ, ಮದುವೆಯಾದ ಮಗಳು ಎಂದು ಭೇದ ಮಾಡುವಂತಿಲ್ಲ.

ಇಷ್ಟೆಲ್ಲ ತೀರ್ಪುಗಳಿದ್ದೂ ದಾವೆ ಎಲ್ಲಿ ಸೋಲುತ್ತದೆ? ಬಹಳ ಸಲ ಊರ ಕಟ್ಟೆಯ ಮೇಲೆ. ಟ್ರ್ಯಾಕ್ಟರ್ ಮಾಲೀಕ ಅದೇ ಊರಿನವ, ಬೀಗರ ಪೈಕಿಯೂ ಇರಬಹುದು. ಹಿರಿಯರು ಕೂತು ‘ಮಣ್ಣಿನ ಖರ್ಚಿಗೆ’ ಎಂದು ಒಂದಿಷ್ಟು ಕೊಡಿಸಿ ರಾಜಿ ಮಾಡುತ್ತಾರೆ. ದೂರು ದಾಖಲಾಗುವುದಿಲ್ಲ, ಅಥವಾ ವಾರ ಕಳೆದು ದಾಖಲಾಗುತ್ತದೆ. ಆಮೇಲೆ ವಿಮಾ ಕಂಪನಿಯ ವಕೀಲರು ಕೇಳುವ ಮೊದಲ ಪ್ರಶ್ನೆ ಅದೇ: ಇಷ್ಟು ದಿನ ಎಲ್ಲಿದ್ದಿರಿ? ವಿಪರ್ಯಾಸವೆಂದರೆ ಹಣ ಕೊಡಬೇಕಾದದ್ದು ಆ ಮಾಲೀಕನಲ್ಲ, ಅವನು ಕಂತು ಕಟ್ಟಿದ ಕಂಪನಿ. ನೆರೆಯವನ ಮನೆ ಉಳಿಸಲು ಮಾಡಿದ ರಾಜಿಯಲ್ಲಿ ವಿಧವೆಯ ಮನೆ ಮುಳುಗುತ್ತದೆ, ಕಂಪನಿಯ ಹಣ ಕಂಪನಿಯಲ್ಲೇ ಉಳಿಯುತ್ತದೆ. ಇದನ್ನು ಊರ ಹಿರಿಯರಿಗೆ ತಿಳಿಹೇಳುವ ಕೆಲಸ ಯಾವ ನ್ಯಾಯಮಂಡಳಿಯ ಆದೇಶಕ್ಕಿಂತಲೂ ಕಡಿಮೆಯದಲ್ಲ.

ಪೊಲೀಸರ ಪಾತ್ರ ಈಗ ಮೊದಲಿನಂತಿಲ್ಲ. 2022ರ ಮೋಟಾರು ವಾಹನ ನಿಯಮಗಳು ಮತ್ತು ಅದೇ ವರ್ಷದ ಡಿಸೆಂಬರ್‌ನ ಸುಪ್ರೀಂ ಕೋರ್ಟಿನ ಗೋಹರ್ ಮೊಹಮ್ಮದ್ ತೀರ್ಪಿನ ಪ್ರಕಾರ, ಅಪಘಾತದ ಮೊದಲ ವರದಿ 48 ಗಂಟೆಗಳಲ್ಲಿ, ಮಧ್ಯಂತರ ವರದಿ 50 ದಿನಗಳಲ್ಲಿ, ವಿವರವಾದ ವರದಿ 90 ದಿನಗಳಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ತಲುಪಬೇಕು. ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅವಕಾಶ ಕೊಟ್ಟಿದೆ. ಅಂದರೆ ವಕೀಲರ ಕಚೇರಿಯ ಮೆಟ್ಟಿಲು ಹತ್ತಲಾಗದ ವಿಧವೆಯ ಪರವಾಗಿ ಠಾಣೆಯೇ ದಾವೆ ಶುರುಮಾಡಬಹುದು.

ಗಡುವಿನ ವಿಷಯದಲ್ಲಿ ಎಚ್ಚರ ಬೇಕು. 1988ರ ಈ ಕಾಯ್ದೆಯಲ್ಲಿ ಅರ್ಜಿ ಹಾಕಲು ಆರು ತಿಂಗಳ ಮಿತಿಯಿತ್ತು, 1994ರಲ್ಲಿ ತೆಗೆದರು, 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, ಅದು 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ, ತಡವಾಯಿತೆಂಬ ಕಾರಣಕ್ಕೆ ಯಾವ ಅರ್ಜಿಯನ್ನೂ ಸದ್ಯಕ್ಕೆ ವಜಾ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ಗಡಿಯ ಊರುಗಳಿಗೆ ಇದೇ ಕಲಮಿನ ಇನ್ನೊಂದು ಅನುಕೂಲ ಮುಖ್ಯ: ಸಾಂಗ್ಲಿಯಲ್ಲೋ ಕೊಲ್ಹಾಪುರದಲ್ಲೋ ಅಪಘಾತವಾದರೂ ವಾರಸುದಾರರು ತಾವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗುದ್ದಿದ ವಾಹನ ಸಿಗದೇ ಹೋದರೂ ದಾರಿ ಮುಚ್ಚುವುದಿಲ್ಲ. ಅಂಥ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಯೋಜನೆ 2022ರಿಂದ ಇದೆ.

ಟ್ರೇಲರ್ ಇದ್ದಲ್ಲಿ ಚಾಲಕನ ಲೈಸೆನ್ಸಿನ ತಕರಾರು ಬಂದೇ ಬರುತ್ತದೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನಿಗೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅರ್ಹತೆ ಹೋಗುವುದಿಲ್ಲ ಎಂದು ನಾಗಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ತೀರ್ಮಾನಿಸಿದೆ. ಪಾಲಿಸಿಯ ಷರತ್ತು ಮುರಿದಿದ್ದರೂ ಮೂರನೆಯವರಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವ ಬಗ್ಗೆ ಹೈಕೋರ್ಟಿನ ಪೂರ್ಣಪೀಠ 2020ರ ಯಲ್ಲವ್ವ ಪ್ರಕರಣದಲ್ಲಿ ವಿಸ್ತಾರವಾಗಿ ಚರ್ಚಿಸಿದೆ.

ಕಾರ್ಖಾನೆಯ ಸಾವುಗಳ ಹಾದಿ ಬೇರೆ, ತಡವೂ ಹೆಚ್ಚು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್ 22ರ ನಸುಕಿಗೆ ಮೂರು ಗಂಟೆಯ ಪಾಳಿಗೆ ಹೊರಟವರು, ಕಾರ್ಖಾನೆ ಇನ್ನೂ ಐದು ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಕಾರ್ಮಿಕ ಪರಿಹಾರ ಆಯುಕ್ತರು 3,26,140 ರೂಪಾಯಿ ಕೊಡಿಸಿದರು. ಸಾವು ಕೆಲಸದ ಜಾಗದಲ್ಲಿ ಆಗಿಲ್ಲ ಎಂದು 2011ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ರದ್ದುಮಾಡಿತು. ಕೆಲಸಕ್ಕೆ ಹೋಗುವ ದಾರಿಗೂ ಕೆಲಸಕ್ಕೂ ನಂಟಿದ್ದರೆ ಪರಿಹಾರ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2025ರ ಜುಲೈ 29ರಂದು. ಇಪ್ಪತ್ತೆರಡು ವರ್ಷ! ಅಷ್ಟರಲ್ಲಿ ಆ ಮನೆಯ ಮಕ್ಕಳು ದೊಡ್ಡವರಾಗಿದ್ದರು. ಹಣ ಬೇಕಾಗಿದ್ದ ವರ್ಷಗಳೆಲ್ಲ ಕಳೆದುಹೋಗಿದ್ದವು. ರಾತ್ರಿ ಪಾಳಿಗೆ ಬೈಕಿನಲ್ಲಿ ಹೋಗುವ ಮುಧೋಳ, ಜಮಖಂಡಿಯ ಕಾರ್ಮಿಕರಿಗೆ ಈ ತೀರ್ಪು ನೇರವಾಗಿ ಸಂಬಂಧಿಸಿದ್ದು. ಹಾಜರಿ ಪುಸ್ತಕ, ಪಾಳಿಯ ಪಟ್ಟಿಗಳ ಪ್ರತಿಯನ್ನು ಅಪಘಾತವಾದ ವಾರದಲ್ಲೇ ಪಡೆಯಬೇಕು ಎಂಬುದು ಅದರಿಂದ ಕಲಿಯುವ ವ್ಯವಹಾರದ ಪಾಠ.

ರಸ್ತೆ, ಕಾರ್ಖಾನೆಗಳಾಚೆಯ ಸಾವುಗಳೂ ಇವೆ: ಹರಿದ ವಿದ್ಯುತ್ ತಂತಿಯಿಂದಾದ ಸಾವಿಗೆ ವಿದ್ಯುತ್ ಮಂಡಳಿಯೇ ಹೊಣೆ, ತಪ್ಪು ಯಾರದೆಂದು ಸಾಬೀತು ಮಾಡಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ 2002ರ ಶೈಲ್ ಕುಮಾರಿ ತೀರ್ಪು ಹೇಳುತ್ತದೆ. ಇಂಥ ಸಾವಿಗೆ 1855ರ ಕಾಯ್ದೆಯಡಿ ದಾವೆ ಹೂಡಲು ಎರಡೇ ವರ್ಷ ಅವಧಿ.

ಇನ್ನೊಂದು ಮಾತನ್ನು ವಕೀಲರ ಸಭೆಯಲ್ಲೇ ಹೇಳಬೇಕು. ಬಂದ ಪರಿಹಾರದಲ್ಲಿ ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಶವಾಗಾರದ ಬಾಗಿಲಲ್ಲೇ ಸಹಿ ಹಾಕಿಸಿಕೊಳ್ಳುವ ಏಜೆಂಟರಿಗೆ ಮನ್ನಣೆ ಕೊಡುವವರು ಈ ವೃತ್ತಿಯೊಳಗೇ ಇದ್ದರೆ, ಅದನ್ನು ತಡೆಯಬೇಕಾದದ್ದೂ ಈ ವೃತ್ತಿಯೇ. ಅಪ್ರಾಪ್ತ ಮಕ್ಕಳ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ ಸೂಸಮ್ಮ ಥಾಮಸ್ ಪ್ರಕರಣದಲ್ಲಿ ಒತ್ತಿ ಹೇಳಿದ್ದು ಇಂಥ ಕೈಗಳಿಂದ ಮಕ್ಕಳನ್ನು ಕಾಯಲೆಂದೇ.

ಇಂದಿನ ಗೋಷ್ಠಿಗಳ ಮುಂದೆ ಒಂದು ಕೆಲಸವಿಡಬಹುದು. ಸಾವಾದ ಮೊದಲ ಮೂರು ವಾರಗಳಲ್ಲಿ ಮನೆಯವರು ಕೂಡಿಡಬೇಕಾದ ಕಾಗದಗಳ ಪಟ್ಟಿಯೊಂದನ್ನು ಸರಳ ಕನ್ನಡದಲ್ಲಿ ಸಿದ್ಧಪಡಿಸುವುದು: ಎಫ್‌ಐಆರ್, ಪಂಚನಾಮೆ, ಮರಣೋತ್ತರ ವರದಿ, ವಾಹನದ ಪಾಲಿಸಿ, ಪಗಾರ ವಹಿ, ತೂಕದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಡಿತರ ಚೀಟಿ. ನಾಲ್ಕೂ ತಾಲ್ಲೂಕುಗಳ ವಕೀಲರ ಸಂಘಗಳು ಅದನ್ನು ಠಾಣೆ, ಸರ್ಕಾರಿ ಆಸ್ಪತ್ರೆ, ಗ್ರಾಮ ಪಂಚಾಯಿತಿಗಳಿಗೆ ಮುಂದಿನ ಹಂಗಾಮು ಆರಂಭವಾಗುವ ಮೊದಲೇ ತಲುಪಿಸಲಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ ಎಂಬ ಸಾಲನ್ನೂ ಅದರ ಕೆಳಗೆ ಅಚ್ಚುಹಾಕಿಸಲಿ.