ಗೋಡೆಯ ಆಚೆ ಏನಿದೆ?



ಮನೆಯ ನಕ್ಷೆಯಲ್ಲಿ ಗೋಡೆಯೆಂದರೆ ಒಂದೇ ವಸ್ತು. ಉದ್ದ, ಎತ್ತರ, ದಪ್ಪ ತಿಳಿದರೆ ಕಟ್ಟುವವರಿಗೆ ಸಾಕು. ಆ ಮನೆ ಬೇಸಿಗೆಯಲ್ಲಿ ಎಷ್ಟು ಕಾಯುವುದೆಂದು ಲೆಕ್ಕ ಹಾಕುವ ಗಣಕಯಂತ್ರಕ್ಕೆ ಅಷ್ಟು ಸಾಲದು. ಅದೇ ಗೋಡೆಯ ಅರ್ಧ ಭಾಗದ ಆಚೆ ಒಲೆಯುರಿಯುವ ಅಡುಗೆಮನೆ, ಉಳಿದರ್ಧದ ಆಚೆ ಬಿಸಿಲು ಬೀಳುವ ಅಂಗಳ. ಶಾಖದ ಲೆಕ್ಕದಲ್ಲಿ ಅವು ಎರಡು ಗೋಡೆಗಳು. ಈ ವಿಭಜನೆಗೆ ತಜ್ಞರು ಎರಡನೆಯ ಹಂತದ ಎಲ್ಲೆಗಳೆಂದು ಹೆಸರಿಟ್ಟಿದ್ದಾರೆ. ಅನುವಾದ ಎಡವುವುದು ಹೆಚ್ಚಾಗಿ ಇಲ್ಲಿಯೇ.

ಅನುವಾದವೆಂದರೆ ಯಾವುದರಿಂದ ಯಾವುದಕ್ಕೆ? ವಾಸ್ತುಶಿಲ್ಪಿ, ಎಂಜಿನಿಯರ್, ಗುತ್ತಿಗೆದಾರರು ಒಂದೇ ಕಟ್ಟಡದ ವಿವರಗಳನ್ನು ಹಂಚಿಕೊಳ್ಳಲು ಐಎಫ್‌ಸಿ ಎಂಬ ಸಮಾನ ವಿವರಣಾ ಕ್ರಮವಿದೆ. 2013ರಲ್ಲಿ ಅದು ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಲೆಕ್ಕದ ಕಡೆಯಲ್ಲಿ ಅಮೆರಿಕದ ಇಂಧನ ಇಲಾಖೆಯ ನೆರವಿನಿಂದ 2001ರಲ್ಲಿ ಹೊರಬಂದ ಎನರ್ಜಿಪ್ಲಸ್ ಇದೆ. ಸಮೀಕರಣಗಳನ್ನೇ ನೇರವಾಗಿ ಬರೆಯಬಹುದಾದ ಮಾಡೆಲಿಕಾ ಭಾಷೆಯಿದೆ. ಮೊದಲನೆಯದರ ವಿವರಣೆಯಿಂದ ಮಾಡೆಲಿಕಾದ ಕೋಡನ್ನು ಯಂತ್ರವೇ ಬರೆಯುವಂತೆ ಮಾಡುವ ಪ್ರಯತ್ನ, 2012ರಿಂದ 2017ರವರೆಗೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಕಾರ್ಯಕ್ರಮವೊಂದರಡಿ ನಡೆದ ಅನೆಕ್ಸ್ 60 ಯೋಜನೆಯ ಒಂದು ಭಾಗವಾಗಿತ್ತು.

ಕೆಲವು ಪದಗಳು ಒಂದಕ್ಕೊಂದು ಸರಿಹೊಂದುತ್ತವೆ. ಕೆಲವೆಡೆ ನಕ್ಷೆಯ ಒಂದು ಪಂಪ್ ಕೋಡಿನಲ್ಲಿ ಪಂಪ್, ಅದರ ನಿಯಂತ್ರಕ, ವೇಳಾಪಟ್ಟಿ ಎಂದು ಹಲವಾಗಿ ಒಡೆಯುತ್ತದೆ. ಇವಕ್ಕೆಲ್ಲ ನಿಯಮ ಬರೆಯಬಹುದು. ಬೇಸರದ ಕೆಲಸ, ಆದರೆ ಆಗುವ ಕೆಲಸ. ಕಷ್ಟ ಬರುವುದು ನಕ್ಷೆ ಮೌನವಾಗಿರುವಲ್ಲಿ. ಗೋಡೆಯ ವಸ್ತು 'ಮಣ್ಣು' ಎಂದಷ್ಟೇ ಬರೆದಿರುತ್ತದೆ. ಸಾಂದ್ರತೆಯಿಲ್ಲ, ಶಾಖವಾಹಕತೆಯಿಲ್ಲ, ಶಾಖ ಹಿಡಿದಿಡುವ ಶಕ್ತಿಯ ಅಂಕಿಯಿಲ್ಲ. ಆಗ ಅನುವಾದಕ ತಂತ್ರಾಂಶ ತನ್ನಲ್ಲಿರುವ ರೂಢಿಯ ಅಂಕಿಯನ್ನು ಸದ್ದಿಲ್ಲದೆ ತುಂಬಬಹುದು. ಲೆಕ್ಕ ಎಲ್ಲಿಯೂ ನಿಲ್ಲುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ.

ಹೆಂಚಿನ ಮಾಡು, ಅದರ ಸಂದುಗಳಲ್ಲಿ ನುಸುಳುವ ಗಾಳಿ, ದಪ್ಪ ಮಣ್ಣಿನ ಗೋಡೆ: ಇಂತಹ ಶಾಲೆಯೊಂದನ್ನು ಮುಚ್ಚಿದ ಕಾಂಕ್ರೀಟ್ ಕಟ್ಟಡದ ಅಂಕಿಗಳಿಂದ ಅಳೆದರೆ, ಗಾಳಿಯೊಡನೆ ಹೊರಹೋಗುವ ಶಾಖವೂ ಒಳಗೇ ಉಳಿದಂತೆ ಲೆಕ್ಕವಾಗುತ್ತದೆ. ಅಂತಹ ವರದಿಯನ್ನು ನಂಬಿ ಹೆಂಚು ಇಳಿಸಿ ತಾರಸಿ ಹಾಕಿಸಿದರೆ ಬೆವರುವವರು ಮಕ್ಕಳು.

ನಕ್ಷೆ ಕೊಟ್ಟ ಅಂಕಿ ಯಾವುದು, ತಂತ್ರಾಂಶ ತಾನೇ ತುಂಬಿದ್ದು ಯಾವುದು ಎಂಬ ಪಟ್ಟಿಯನ್ನು ಕೋಡಿನ ಜೊತೆಗೇ ಮುದ್ರಿಸುವುದು ಕಷ್ಟವೇನಲ್ಲ. ಊರಿನ ಕಟ್ಟಡದ ಬಗ್ಗೆ ವರದಿ ತಂದವರನ್ನು ಮೊದಲು ಕೇಳಬೇಕಾದದ್ದು ಆ ಪಟ್ಟಿಯನ್ನು.